ಅಳಿಸಿದ ಉಸಿರು

ನಮ್ಮ ಮನೆಯ ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಊದುಗೊಳವೆ ಇತ್ತು. ಕಬ್ಬಿಣದ್ದು, ಮೊಳದುದ್ದ, ತುದಿ ಸುಟ್ಟು ಕರ್ರಗಾದದ್ದು. ಅಮ್ಮ ಹಸಿ ಸೌದೆಗೆ ಅದನ್ನು ಹಿಡಿದು ಊದುವಾಗ ಮೊದಲು ಬೂದಿ ಹಾರುತ್ತಿತ್ತು, ಆಮೇಲೆ ಕೆಂಡ ಕಣ್ಣು ತೆರೆಯುತ್ತಿತ್ತು, ಇನ್ನು ಈಕೆಯ ಎದೆಯಲ್ಲಿ ಗಾಳಿ ಉಳಿದಿರಲಾರದು ಎಂದು ನಾವು ಮಕ್ಕಳು ಅಂದುಕೊಳ್ಳುವ ಹೊತ್ತಿಗೆ ಬೆಂಕಿ ಭಗ್ಗೆಂದು ಏಳುತ್ತಿತ್ತು. ನೀವೂ ಅಂಥ ಒಲೆಯ ಮುಂದೆ ಕೂತು ಕಣ್ಣುಜ್ಜಿಕೊಂಡವರಾದರೆ ನಿಮಗೆ ಇದು ಗೊತ್ತಿರುತ್ತದೆ: ಗಾಳಿ ಕಾಣುವುದಿಲ್ಲ, ಅದು ಹಾದುಹೋದ ದಾರಿ ಕಾಣುತ್ತದೆ.

ಊದುವ ಇನ್ನೊಂದು ಕೊಳವೆಯೂ ನಮ್ಮಲ್ಲಿತ್ತು, ಅಪ್ಪನ ಕ್ಲಾರಿನೆಟ್. ಕಿನ್ನಿಗೋಳಿಯ ಕಡೆಯ ನಮ್ಮ ಇಗರ್ಜಿಯ ಬ್ಯಾಂಡಿನಲ್ಲಿ ಅವರು ಮದುವೆಗೂ ಊದುತ್ತಿದ್ದರು, ಮರಣಕ್ಕೂ ಊದುತ್ತಿದ್ದರು. ರಾಗ ಬೇರೆ, ಉಸಿರು ಒಂದೇ ಎನ್ನುತ್ತಿದ್ದರು. ಶವಪೆಟ್ಟಿಗೆಯ ಹಿಂದೆ ನಡೆಯುತ್ತ ನುಡಿಸುವವರಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದು ಹೆಜ್ಜೆಯ ಲೆಕ್ಕದಲ್ಲಿ ಗೊತ್ತಿರಬೇಕು ಎಂದು ನನಗೂ ಅಂಗಳದಲ್ಲಿ ನಡೆಸಿ ನಡೆಸಿ ಕಲಿಸಿದರು. ಕನ್ನಡದಲ್ಲಿ ನಾವು ಉಸಿರನ್ನು ಆಡುತ್ತೇವೆ, ಮಾತನ್ನು ಆಡಿದ ಹಾಗೆ. ಗುಟ್ಟು ಕಾಪಾಡಿದವನು ಉಸಿರು ಬಿಡಲಿಲ್ಲ ಎನ್ನುತ್ತೇವೆ. ಹೆದರಿ ಸುಮ್ಮನಾದವಳು ಉಸಿರೆತ್ತಲಿಲ್ಲ ಎನ್ನುತ್ತೇವೆ. ಈ ನುಡಿಗಟ್ಟುಗಳನ್ನು ನಾನು ನಲವತ್ತು ವರ್ಷ ಯೋಚಿಸದೆ ಬಳಸಿದ್ದೆ. ದುಬೈಯ ಮಿರ್ದಿಫ್‌ನ ಒಂದು ಮನೆಯಲ್ಲಿ ಅವು ನನ್ನನ್ನು ನಿಲ್ಲಿಸಿ ಕೇಳಿದವು.

ನನ್ನ ಕೆಲಸವೇ ಉಸಿರಿನದು. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನಾನು ಶ್ವಾಸಕೋಶ ಪರೀಕ್ಷೆ ಮಾಡುವ ಟೆಕ್ನಿಶಿಯನ್. ಬಂದವರ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದುರು ಕೂತು, ಎದೆತುಂಬ ಎಳೆದುಕೊಳ್ಳಿ, ಈಗ ಊದಿ, ಊದಿ, ಇನ್ನೂ, ಇನ್ನೂ ಎಂದು ಹುರಿದುಂಬಿಸುವುದು. ಮಲಯಾಳಿ ಡ್ರೈವರಿಗೆ ಅವನ ಭಾಷೆಯಲ್ಲಿ, ಪಠಾಣ ಮೇಸ್ತ್ರಿಗೆ ಹಿಂದಿಯಲ್ಲಿ, ಅರಬ್ಬಿ ಅಜ್ಜಿಗೆ ಯಲ್ಲಾ ಯಲ್ಲಾ ಎಂದು, ಮುಗಿದ ಮೇಲೆ ಎಲ್ಲರಿಗೂ ಖಲಾಸ್ ಎಂದು. ಅವರು ಊದಿದ್ದು ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಗುಡ್ಡದಂತೆ ಥಟ್ಟನೆ ಏರಿ, ನೇರವಾಗಿ ಇಳಿದರೆ ಒಳ್ಳೆಯ ಎದೆ. ಇಳಿಜಾರು ಹಳೆಯ ಮಂಚದಂತೆ ನಡುವೆ ಕುಸಿದು, ಬಾಲ ಉದ್ದವಾಗಿ ಎಳೆದರೆ ಒಳಗೆ ಗಾಳಿ ಸಿಕ್ಕಿಬಿದ್ದಿದೆ ಎಂದು ಅರ್ಥ. ಉಬ್ಬಸ ಎಂದರೆ ಗಾಳಿ ಒಳಗೆ ಹೋಗದಿರುವುದು ಎಂದು ಜನ ತಿಳಿದಿದ್ದಾರೆ. ಬಹಳ ಮಂದಿಗೆ ಕಷ್ಟವಿರುವುದು ಹೊರಗೆ ಬಿಡುವುದರಲ್ಲಿ. ಹಳೆಯದು ಹೋಗದೆ ಹೊಸದಕ್ಕೆ ಜಾಗವಿಲ್ಲ.

ವಾರಕ್ಕೊಮ್ಮೆ ಯಂತ್ರ ಸರಿಯಿದೆಯೇ ಎಂದು ನೋಡಲು ನಾವೇ ಊದುತ್ತೇವೆ. ಆರೋಗ್ಯವಂತರ ಗೆರೆ ಹೆಬ್ಬೆರಳ ಗುರುತಿನಂತೆ, ಸುಲಭಕ್ಕೆ ಬದಲಾಗುವುದಿಲ್ಲ. ನನ್ನದು ಆರು ವರ್ಷ ಒಂದೇ ರೀತಿ ಇತ್ತು.

ಎಕ್ಸ್‌ಪೋ ದುಬೈಗೆ ಸಿಕ್ಕಿದ ವರ್ಷವಿರಬೇಕು. ನಾವಿದ್ದದ್ದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಇಪ್ಪತ್ತೇಳನೆಯ ಮಹಡಿಯಲ್ಲಿ: ನಾನು, ಹೋಟೆಲೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ರೋಶನ್, ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು. ಶುಕ್ರವಾರ ದುಬೈ ದಾರಿಯ ಜೆಬೆಲ್ ಅಲಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮಿರ್ದಿಫ್‌ನಲ್ಲಿರುವ ಅತ್ತಿಗೆಯ, ಎಂದರೆ ರೋಶನ್‌ನ ಅಕ್ಕನ, ಮನೆಗೆ ಊಟಕ್ಕೆ ಹೋಗುವುದು ರೂಢಿ. ಮಗಳು ಯಾವುದಾದರೂ ವಾದ್ಯ ಕಲಿಯಲಿ ಎಂದು ಅತ್ತಿಗೆಯೇ ತಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದ ಮಿಲೋಶ್ ಸರ್ ಅವರನ್ನು ಗೊತ್ತುಮಾಡಿದರು. ಮಗಳು ಮೂರು ಪಾಠಕ್ಕೆ ಬಿಟ್ಟಳು. ಅವಳು ಎದ್ದ ಕುರ್ಚಿಯಲ್ಲಿ ನಾನು ಕೂತೆ.

ಮಿಲೋಶ್ ಸರ್ ಅರವತ್ತು ದಾಟಿದವರು, ಮಧ್ಯ ಯುರೋಪಿನ ಒಂದು ಸಣ್ಣ ಊರಿನವರು, ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದವರು. ಅವರ ವಾದ್ಯ ಓಬೋ. ನೋಡಲು ಕ್ಲಾರಿನೆಟ್ಟಿನ ಬಡಕಲು ತಂಗಿಯಂತೆ ಇರುತ್ತದೆ. ತುದಿಯಲ್ಲಿ ಎರಡು ಸೀಳು ಜೊಂಡನ್ನು ಸೇರಿಸಿ ಕಟ್ಟಿದ ಪುಟ್ಟ ನಾಲಿಗೆ, ನಮ್ಮೂರ ಮದುವೆಗಳಲ್ಲಿ ಊದುವ ಮೌರಿಯ ದೂರದ ನೆಂಟ. ಅದರ ಮರ ಒಣಹವೆಗೆ ಬಿರಿಯುತ್ತದೆ. ಆದ್ದರಿಂದ ಅವರ ಹಜಾರದಲ್ಲಿ ಮೂಲೆಗೊಂದರಂತೆ ಗಾಳಿಗೆ ತೇವ ಕೊಡುವ ಯಂತ್ರಗಳು ಸದಾ ಬಿಳಿ ಹಬೆ ಬಿಡುತ್ತಿದ್ದವು. ಹೊರಗೆ ಕಣ್ಣು ಕೋರೈಸುವ ಮಧ್ಯಾಹ್ನ, ಒಳಗೆ ಮುಚ್ಚಿದ ಪರದೆ, ನೆಲದಿಂದ ಮೊಣಕಾಲಿನವರೆಗೆ ತೆಳ್ಳಗೆ ಮಂಜು. ಮೊದಲ ದಿನವೇ ನನಗೆ ಅನಿಸಿತು: ಈ ಮನೆಯಲ್ಲಿ ಯಾರೋ ನಿಧಾನವಾಗಿ ಉಸಿರು ಬಿಡುತ್ತಿದ್ದಾರೆ, ಎಳೆದುಕೊಳ್ಳುತ್ತಿಲ್ಲ.

ಅವರು ನನಗೆ ಒಂದು ಹಳೆಯ ಓಬೋ ಕೊಟ್ಟರು. ಅದು ಹಾನಾಳದು, ತೀರಿಹೋದ ಹೆಂಡತಿಯದು ಎಂದು ಒಂದೇ ಮಾತಿನಲ್ಲಿ ಹೇಳಿ ಪಾಠಕ್ಕೆ ತೊಡಗಿದರು. ಬೆರಳು ತಾಗಿ ತಾಗಿ ಸವೆದ ಅದರ ಕೀಲಿಗಳು ನನ್ನ ಬೆರಳಿಗಿಂತ ಸಣ್ಣ ಬೆರಳಿನ ನೆನಪನ್ನು ಇಟ್ಟುಕೊಂಡಿದ್ದವು. ಓಬೋದ ವಿಚಿತ್ರವೆಂದರೆ ಅದರಲ್ಲಿ ಗಾಳಿ ಸಾಲದೆ ಹೋಗುವುದಿಲ್ಲ, ಮಿಕ್ಕುತ್ತದೆ. ನಾಲಿಗೆಯ ಸಂದು ಎಷ್ಟು ಕಿರಿದೆಂದರೆ ಸ್ವರದ ಸಾಲು ಮುಗಿಯುವಾಗಲೂ ಎದೆಯಲ್ಲಿ ಹಳಸಿದ ಗಾಳಿ ತುಂಬಿಯೇ ಇರುತ್ತದೆ. ಮೊದಲು ಅದನ್ನು ಬಿಡಬೇಕು, ಆಮೇಲೆ ಹೊಸದನ್ನು ಎಳೆಯಬೇಕು. ಅದಕ್ಕಾಗಿ ಅವರು ಸ್ವರಗಳ ಹಾಳೆಯ ಮೇಲೆ ಎರಡು ಗುರುತು ಹಾಕುತ್ತಿದ್ದರು: ಎಳೆಯುವುದಕ್ಕೆ ಅಲ್ಪವಿರಾಮ, ಬಿಡುವುದಕ್ಕೆ ಹೊರಮುಖದ ಸಣ್ಣ ಬಾಣ. ನಾನು ನಕ್ಕು, ಇದು ನನ್ನ ದಿನದ ಕೆಲಸವೇ ಸರ್ ಎಂದೆ. ಅವರು ನಗಲಿಲ್ಲ.

ಎರಡು ವರ್ಷ ಊದಿದ ಮೇಲೆ ನನಗೆ ಅವರು ತಮ್ಮ ಮುದುಕನನ್ನು ಪರಿಚಯಿಸಿದರು. ಮುದುಕ ಎಂದು ಅವರು ಕರೆಯುತ್ತಿದ್ದದ್ದು ಮುನ್ನೂರು ವರ್ಷ ಹಿಂದಿನ, ಬರೋಕ್ ಕಾಲದ ಒಬ್ಬ ಸಂಗೀತಕಾರನನ್ನು. ಅವನ ಹೆಸರನ್ನು ಅವರೇ ಅಪರೂಪಕ್ಕೆ ಉಚ್ಚರಿಸುತ್ತಿದ್ದರು. ನಾನೂ ಇಲ್ಲಿ ಬರೆಯುವುದಿಲ್ಲ. ಹಬೆಯ ನಡುವೆ ಕೂತು, ಓಬೋದ ನಾಲಿಗೆಯನ್ನು ಸಣ್ಣ ಗಾಜಿನ ಲೋಟದ ನೀರಿನಲ್ಲಿ ನೆನೆಹಾಕುತ್ತ, ಅವರು ಅವನ ಕಥೆಯನ್ನು ಹಲವು ಶುಕ್ರವಾರ ತುಣುಕು ತುಣುಕಾಗಿ ಹೇಳಿದರು. ಒಬ್ಬ ದೊಡ್ಡ ರಾಜನ ಆಸ್ಥಾನದಲ್ಲಿ ಅವನು ಹಿಂದಿನ ಸಾಲಿನಲ್ಲಿ ನಿಂತು ಮಂದ್ರದ ತಂತಿವಾದ್ಯ ನುಡಿಸುತ್ತಿದ್ದ. ಮೇಳದ ಮುಖ್ಯಸ್ಥ ಕಾಯಿಲೆ ಬಿದ್ದಾಗ ವರ್ಷಗಟ್ಟಲೆ ಅವನ ಕೆಲಸವನ್ನೂ ಇವನೇ ಮಾಡಿದ. ಮುಖ್ಯಸ್ಥ ತೀರಿದ ಮೇಲೆ ಆ ಜಾಗ ಹೊರಗಿನಿಂದ ಬಂದ ಕಿರಿಯನೊಬ್ಬನಿಗೆ ಹೋಯಿತು. ಇವನು ಮದುವೆಯಾಗಲಿಲ್ಲ. ಸತ್ತ ಮೇಲೆ ಇವನ ಬರಹಗಳನ್ನು ಅರಮನೆಯವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು, ಯಾರಿಗೂ ನಕಲು ಮಾಡಲು ಬಿಡಲಿಲ್ಲ. ಇವನದೆಂದು ನಂಬಬಹುದಾದ ಒಂದು ಚಿತ್ರವೂ ಉಳಿದಿಲ್ಲ. ಮುಖವಿಲ್ಲದ ಈ ಮನುಷ್ಯ ಎರಡು ಓಬೋ ಮತ್ತು ಮಂದ್ರದಲ್ಲಿ ಊದುವ ಒಂದು ಬಸೂನಿಗಾಗಿ ಕೆಲವು ಸೊನಾಟಾ ಕೃತಿಗಳನ್ನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಸಾಲುಗಳು ಹೊರಟರೆ ನಿಲ್ಲುವುದಿಲ್ಲ. ಒಂದು ಓಬೋ ಬಿಟ್ಟಲ್ಲಿ ಇನ್ನೊಂದು ಹಿಡಿಯುತ್ತದೆ, ಇನ್ನೊಂದು ಬಿಡುವ ಮೊದಲೇ ಮೊದಲನೆಯದು ಮತ್ತೆ ಏರುತ್ತದೆ, ಊದುವವರೂ ಪ್ರಾಣಿಗಳು, ಅವರಿಗೂ ಪುಪ್ಪುಸವಿದೆ ಎಂಬುದು ಬರೆದವನಿಗೆ ಮರೆತೇಹೋದ ಹಾಗೆ. ಅವನು ತಂತಿಯವನು, ಉಸಿರಿನವನಲ್ಲ ಎಂದು ಮಿಲೋಶ್ ಸರ್ ಹೇಳುತ್ತಿದ್ದರು. ಅದನ್ನು ಅವರು ದೂರಾಗಿ ಹೇಳುತ್ತಿರಲಿಲ್ಲ, ಹೆಮ್ಮೆಯಾಗಿ ಹೇಳುತ್ತಿದ್ದರು.

ಬಸೂನ್ ನುಡಿಸುವವರು ನಮಗೆ ಸಿಗಲಿಲ್ಲ. ನಾವಿಬ್ಬರೇ ನುಡಿಸುತ್ತಿದ್ದೆವು. ಬಸೂನ್ ಒಂಟಿಯಾಗಿ ಹೋಗುವ ಜಾಗಗಳಲ್ಲಿ ಸರ್ ವಾದ್ಯವನ್ನು ಮಡಿಲಲ್ಲಿಟ್ಟು, ಕಣ್ಣುಮುಚ್ಚಿ, ಅಷ್ಟೂ ಹೊತ್ತು ಮೌನವಾಗಿ ಕಾಯುತ್ತಿದ್ದರು. ಇಲ್ಲದವನು ನುಡಿಸಿ ಮುಗಿಸಲಿ ಎಂದು. ಮಿರ್ದಿಫ್ ವಿಮಾನಗಳು ಇಳಿಯುವ ದಾರಿಯಲ್ಲಿದೆ. ಆ ಮೌನದಲ್ಲಿ ವಿಮಾನವೊಂದು ತಗ್ಗಿನಲ್ಲಿ ಹಾದುಹೋದರೆ ಕಿಟಕಿಯ ಗಾಜು ಮಂದ್ರದಲ್ಲಿ ಗುಂಯ್‌ಗುಡುತ್ತಿತ್ತು. ನಮ್ಮ ಮೂರನೆಯವನು ಬಂದ ಎಂದು ಅವರು ಒಮ್ಮೆ ಹೇಳಿದ್ದರು. ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ನನಗೆ ಕೊಟ್ಟದ್ದು ಎರಡನೆಯ ಓಬೋದ ಹಾಳೆಗಳ ಜೆರಾಕ್ಸ್ ಪ್ರತಿ. ಹಾನಾ ಮೂವತ್ತು ವರ್ಷ ನುಡಿಸಿದ್ದ ಭಾಗ ಅದು. ಉಸಿರಿನ ಗುರುತುಗಳು ಅವಳ ಕೈಯವೇ, ಬಹಳ ಕಡಮೆ, ಬಹಳ ಅಚ್ಚುಕಟ್ಟು. ಗುರುತು ಇದ್ದಲ್ಲಿ ಮಾತ್ರ ಉಸಿರಾಡು, ಸಾಲನ್ನು ಕತ್ತರಿಸಬೇಡ ಎಂದು ಸರ್ ಕಟ್ಟಪ್ಪಣೆ ಮಾಡಿದ್ದರು. ನೀವು ಬೇರೆಯವರ ಕನ್ನಡಕ ಹಾಕಿ ನೋಡಿದ್ದೀರಲ್ಲ, ಬೇರೆಯವರ ಚಪ್ಪಲಿಯಲ್ಲಿ ಎರಡು ಹೆಜ್ಜೆ ನಡೆದಿದ್ದೀರಲ್ಲ. ಬೇರೆಯವರ ಉಸಿರಿನಲ್ಲಿ ವಾರಗಟ್ಟಲೆ ಇದ್ದು ನೋಡಿಲ್ಲ ಎಂದುಕೊಳ್ಳುತ್ತೇನೆ. ಸತ್ತ ಹೆಂಗಸೊಬ್ಬಳು ಗಾಳಿ ಎಳೆದ ಕಡೆ ನಾನು ಎಳೆದೆ, ಬಿಟ್ಟ ಕಡೆ ಬಿಟ್ಟೆ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಊದಿ ಎನ್ನುವಾಗ, ಲಿಫ್ಟಿನಲ್ಲಿ ನಿಂತಾಗ, ಅನ್ನ ಬಸಿಯುವಾಗ ಸಹ ನನ್ನ ಎದೆ ಆ ಹಾಳೆಯ ಪ್ರಕಾರ ಏರಿಳಿಯತೊಡಗಿತು.

ಹೀಗಿರುವಾಗ ಒಂದು ಶುಕ್ರವಾರ ನಾವು ನಿಧಾನಗತಿಯ ಭಾಗವನ್ನು ನುಡಿಸುತ್ತಿದ್ದೆವು. ಮೂರನೆಯ ಸಾಲಿನ ನಡುವೆ, ಯಾವ ಗುರುತೂ ಇಲ್ಲದಲ್ಲಿ, ನಾನು ಉಸಿರು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಸರ್ ನಿಲ್ಲಿಸಿ, ಮತ್ತೆ ಮೊದಲಿಂದ ಎಂದರು. ಎರಡನೆಯ ಸಲವೂ ಅಲ್ಲೇ ಬಿಟ್ಟೆ, ಆಮೇಲೆ ಮುಂದಿನ ಸಾಲಿನಲ್ಲಿ ಇನ್ನೊಂದು ಕಡೆ. ಮೂರನೆಯ ಸಲ ಪುಟದ ಕೊನೆಯವರೆಗೂ ಅವರು ನಿಲ್ಲಿಸಲಿಲ್ಲ. ನುಡಿಸುವುದನ್ನು ಯಾವಾಗಲೋ ಬಿಟ್ಟು, ನನ್ನ ಎದೆಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಎದ್ದು, ಸದಾ ಮುಚ್ಚಿರುತ್ತಿದ್ದ ಕೋಣೆಗೆ ಹೋಗಿ, ಒಂದು ಹಳೆಯ ರಟ್ಟಿನ ಫೈಲು ತಂದರು.

“ಇದನ್ನು ನಿನಗೆ ಯಾರು ತೋರಿಸಿದರು, ಐರಿನ್?”

ಯಾರೂ ಇಲ್ಲ ಎಂದೆ. ನಿಜಕ್ಕೂ ಆ ಫೈಲನ್ನು ನಾನು ನೋಡಿರಲಿಲ್ಲ. ಅದರಲ್ಲಿದ್ದದ್ದು ನನ್ನ ಪ್ರತಿಯ ಮೂಲ. ಅವರು ಬೆರಳಿಟ್ಟು ತೋರಿಸಿದ ಕಡೆ ಕಾಗದ ಮಸುಕಾಗಿ ಎದ್ದಿತ್ತು. ಪೆನ್ಸಿಲಿನಲ್ಲಿ ಬರೆದು ರಬ್ಬರಿನಲ್ಲಿ ಉಜ್ಜಿ ತೆಗೆದ ಜಾಗ. ನಾನು ಅನುಮತಿ ಕೇಳಿ, ಪರದೆ ಸರಿಸಿ, ಹಾಳೆಯನ್ನು ಬೆಳಕಿಗೆ ಹಿಡಿದೆ. ಅಳಿಸಿದರೂ ಪೆನ್ಸಿಲಿನ ಮೊನೆ ಕಾಗದದಲ್ಲಿ ತಗ್ಗು ಬಿಟ್ಟಿರುತ್ತದೆ. ಆ ಪುಟದಲ್ಲಿ ಅಂಥ ಏಳು ತಗ್ಗುಗಳಿದ್ದವು. ನಾನು ಉಸಿರು ಬಿಟ್ಟದ್ದು ಆ ಏಳೂ ಕಡೆ.

ಜೆರಾಕ್ಸಿನಲ್ಲಿ ಅವುಗಳ ಸುಳಿವೇ ಇರಲಿಲ್ಲ, ಮನೆಗೆ ಹೋಗಿ ಭೂತಕನ್ನಡಿ ಹಿಡಿದು ನೋಡಿದ್ದೇನೆ. ಒಂದೇ ಸಂಗೀತ, ಒಂದೇ ವಾದ್ಯ, ಎದೆಯ ಅಳತೆಯೂ ಹೆಚ್ಚು ಕಡಮೆ ಒಂದೇ ಇದ್ದರೆ ದಣಿವು ಒಂದೇ ಕಡೆ ಬರಬಹುದು ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡೆ. ಆ ಕ್ಷಣದಲ್ಲಿ ಮಾತ್ರ ನನ್ನ ಬೆನ್ನಿನ ಮೇಲೆ ಮಂಜು ಹತ್ತಿದಂತಾಯಿತು.

ಸರ್ ಕುರ್ಚಿಯಲ್ಲಿ ಕೂತು, ಅರ್ಧ ಕೋಪದಲ್ಲಿ, ಅರ್ಧ ಯಾರಿಗೋ ವರದಿ ಒಪ್ಪಿಸುವವರಂತೆ ಹೇಳತೊಡಗಿದರು. ಮೊದಮೊದಲು ಹಾನಾಳಂಥ ಉದ್ದನೆಯ ಸಾಲು ಯಾರದೂ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಅವಳು ಕತ್ತರಿಸತೊಡಗಿದಳು. ಇಲ್ಲೊಂದು ಬಾಣ, ಅಲ್ಲೊಂದು ಬಾಣ. ಇವರು ಅಳಿಸುತ್ತಿದ್ದರು, ಅವಳು ಮತ್ತೆ ಬರೆಯುತ್ತಿದ್ದಳು, ಇವರು ಮತ್ತೆ ಅಳಿಸುತ್ತಿದ್ದರು. ಸಂಗೀತದಲ್ಲಿ ಅವಳಿಗೆ ಉದಾಸೀನ ಬಂತು, ತಮ್ಮ ಮೇಲೂ ಬಂತು ಎಂದುಕೊಂಡರು. ಕೊನೆಗೆ ಒಂದು ಸಂಗೀತ ಕಚೇರಿಯಲ್ಲಿ ಅವಳ ಜಾಗದಲ್ಲಿ ಶಿಷ್ಯನೊಬ್ಬನನ್ನು ಕೂರಿಸಿದರು. ಬೇಸಿಗೆಗೆ ತಂಗಿಯ ಮನೆಗೆಂದು ತಮ್ಮ ದೇಶಕ್ಕೆ ಹೋದವಳು ಮರಳಲಿಲ್ಲ. ಚಳಿಗಾಲದಲ್ಲಿ ಫೋನು ಬಂತು, ನ್ಯುಮೋನಿಯಾ ಎಂದರು.

ನಾನು ಕೇಳುತ್ತಲೇ ಪುಟ ತಿರುಗಿಸುತ್ತಿದ್ದೆ. ಅಭ್ಯಾಸ ಮಾಡಿದ ದಿನದ ತಾರೀಕನ್ನು ಪುಟದ ಮೂಲೆಯಲ್ಲಿ ಬರೆಯುವುದು ಅವರಿಬ್ಬರ ಪದ್ಧತಿ. ಹಳೆಯ ತಾರೀಕಿನ ಪುಟಗಳು ಶುಭ್ರ. ಆಮೇಲಿನವುಗಳಲ್ಲಿ ಉಜ್ಜಿದ ಕಲೆ ಒಂದು, ಎರಡು, ನಾಲ್ಕು. ಕಡೆಯ ಪುಟದಲ್ಲಿ ಒಂದು ಕಡೆ ಉಜ್ಜಿ ಉಜ್ಜಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಬೆಳಕು ತೂರುತ್ತಿತ್ತು. ಅಳಿಸಿದ್ದರಲ್ಲಿ ಅಲ್ಪವಿರಾಮ ಒಂದೂ ಇರಲಿಲ್ಲ, ಎಲ್ಲವೂ ಬಾಣಗಳೇ. ಅವಳು ಗಾಳಿ ಎಳೆಯಲು ಜಾಗ ಕೇಳಿರಲಿಲ್ಲ, ಬಿಡಲು ಕೇಳಿದ್ದಳು. ಇಂಥ ಚಾರ್ಟನ್ನು ನಾನು ದಿನಕ್ಕೆ ಹತ್ತು ನೋಡುತ್ತೇನೆ. ಗೆರೆ ಕುಸಿಯುತ್ತ ಹೋದ ಎದೆಯೊಂದರ ವರ್ಷ ವರ್ಷದ ದಾಖಲೆ ಸಂಗೀತದ ಹಾಳೆಯ ಮೇಲಿತ್ತು, ಅದನ್ನು ಗಂಡ ಪ್ರತಿ ವಾರ ರಬ್ಬರಿನಲ್ಲಿ ಅಳಿಸಿದ್ದ. ಓದಬಾರದೆಂದುಕೊಂಡರೂ ಓದಿಬಿಟ್ಟೆ.

ಆ ದಿನ ನಾನು ಉಸಿರೆತ್ತಲಿಲ್ಲ. ಫೈಲು ಮುಚ್ಚಿ ಕೊಟ್ಟು, ನಮಸ್ಕರಿಸಿ ಬಂದೆ. ಹಿಂತಿರುಗುವಾಗ ಹೆದ್ದಾರಿಯಲ್ಲಿ ಜೆಬೆಲ್ ಅಲಿಯ ಕ್ರೇನುಗಳು ದೂರದಲ್ಲಿ ಸರಿಯುತ್ತಿದ್ದವು, ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡಿದ್ದಳು, ರೋಶನ್ ಯಾಕೆ ಹೀಗೆ ಏದುತ್ತೀ ಎಂದು ಕೇಳಿದ. ನಾನು ಏದುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಆ ವಾರ ಯಂತ್ರ ಪರೀಕ್ಷಿಸುವ ಸರದಿ ನನ್ನದು. ಊದಿದೆ. ಸಂಖ್ಯೆಗಳೆಲ್ಲ ಮಿತಿಯೊಳಗೇ ಇದ್ದವು, ಆದರೆ ನನ್ನ ಗುಡ್ಡದ ಇಳಿಜಾರು ನಡುವೆ ತುಸು ಬಾಗಿತ್ತು, ಬಾಲ ಎಂದಿಗಿಂತ ಉದ್ದವಿತ್ತು. ಜೊತೆಯವರು ಊದಿದರೆ ಅವರದು ಎಂದಿನಂತೆ. ಮರಳುಗಾಳಿಯ ತಿಂಗಳು, ಎಲ್ಲರ ಎದೆಯಲ್ಲೂ ಧೂಳು ಎಂದು ನಮ್ಮ ವೈದ್ಯರು ಹೇಳಿದರು. ಅದೂ ನಿಜವೇ. ನಾನು ಮಾತ್ರ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ಆ ಬಾಲ ನನ್ನದೆಂದು ಎಷ್ಟು ನೋಡಿದರೂ ನನಗೆ ಅನಿಸಲಿಲ್ಲ.

ನಮ್ಮ ವಿಭಾಗದ ಕೌಂಟರಿನಲ್ಲಿ ಹೆಸರು ಬರೆದುಕೊಳ್ಳುವ ನಫೀಸಾ ಉಪ್ಪಿನಂಗಡಿಯ ಕಡೆಯವಳು. ಊಟದ ವಿರಾಮದಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿಟ್ಟು ಕೇಳಿದಳು.

“ನೀವು ಎಂತಕ್ಕೆ ಹೇಳ್ಲಿಕ್ಕೆ ಹೋಗುದು ಐರಿನಕ್ಕ? ಸತ್ತವ್ರ ಫೈಲು ಖಲಾಸ್. ಬದುಕಿದವ್ರಿಗೆ ನಿದ್ದೆ ಬೇಕಲ್ಲ.”

ನನಗೂ ಅದೇ ಸರಿ ಎನಿಸಿತು. ನಾನು ವೈದ್ಯೆಯಲ್ಲ, ರೋಗದ ಹೆಸರು ಹೇಳುವ ಅಧಿಕಾರ ನನಗಿಲ್ಲ, ಕಾಗದದ ತಗ್ಗು ನೋಡಿ ಸತ್ತವಳ ಎದೆಯ ಬಗ್ಗೆ ತೀರ್ಪು ಕೊಡುವುದಂತೂ ಇನ್ನೂ ದೂರ. ಎರಡು ಶುಕ್ರವಾರ ಜ್ವರದ ನೆಪ ಹೇಳಿ ಪಾಠ ತಪ್ಪಿಸಿದೆ. ಎರಡನೆಯ ವಾರದ ಕೊನೆಯಲ್ಲಿ ನಫೀಸಾಳೇ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವಳ ಉಮ್ಮ, ಎಂದರೆ ತಾಯಿ, ತೀರಿಹೋಗಿ ಆಗ ಎರಡು ವರ್ಷ.

“ನಾನು ಹೇಳಿದ್ದು ತಪ್ಪೇನೋ. ನನ್ನ ಉಮ್ಮನ ವಿಷಯ ಒಬ್ರಿಗೆ ಗೊತ್ತಿದ್ದೂ ನನಗೆ ಹೇಳದೆ ಕೂತಿದ್ದಾರೆ ಅಂತ ಗೊತ್ತಾದ್ರೆ ನಾನು ಅವ್ರನ್ನು ಬಿಡ್ತಿರ್ಲಿಲ್ಲ.”

ಮೂರನೆಯ ಶುಕ್ರವಾರ ಹೋದೆ. ವಾದ್ಯ ಹೊರತೆಗೆಯದೆ ಕೂತು ಹೇಳಿದೆ. ಇಂಗ್ಲಿಷಿನಲ್ಲಿ, ರೋಗಿಗಳ ಮನೆಯವರೊಡನೆ ಮಾತಾಡುವಾಗ ಬಳಸುವ ಸಣ್ಣ ಸಣ್ಣ ವಾಕ್ಯಗಳಲ್ಲಿ.

“ಸರ್, ಹಾನಾ ಉದಾಸೀನ ಮಾಡಿದ್ದಲ್ಲ. ಅವರಿಗೆ ಗಾಳಿ ಹೊರಗೆ ಹೋಗುತ್ತಿರಲಿಲ್ಲ. ನಾನು ಡಾಕ್ಟರ್ ಅಲ್ಲ, ತಪ್ಪಿರಬಹುದು. ಆದರೆ ಈ ಪುಟಗಳಲ್ಲಿ ಇರುವಂಥದ್ದನ್ನು ನಾನು ದಿನಾ ನೋಡುತ್ತೇನೆ.”

ಅವರು ಎದ್ದು, ಒಂದಾದ ಮೇಲೊಂದು ತೇವದ ಯಂತ್ರಗಳನ್ನು ಆರಿಸಿದರು. ಸದ್ದು ನಿಂತ ಮೇಲೇ ಆ ಮನೆಯಲ್ಲಿ ಅಷ್ಟು ಸದ್ದಿತ್ತೆಂದು ನನಗೆ ತಿಳಿದದ್ದು. ಮಂಜು ನೆಲಕ್ಕೆ ಇಳಿದು ಅಡಗುವವರೆಗೆ ಅವರು ನಿಂತೇ ಇದ್ದರು.

“ಎಷ್ಟು ವರ್ಷದಿಂದ?”

“ತಾರೀಕುಗಳ ಪ್ರಕಾರ ನಾಲ್ಕಾದರೂ ಇರಬೇಕು.”

ನೀನಿನ್ನು ಹೊರಡು ಎಂದು ಅವರು ಮೆಲ್ಲಗೆ ಹೇಳಿದರು. ಬಾಗಿಲವರೆಗೆ ಬಂದರು, ಆದರೆ ನನ್ನ ಮುಖ ನೋಡಲಿಲ್ಲ.

ಮುಂದಿನ ವಾರಗಳಲ್ಲಿ ನಾನು ಅನುಭವಿಸಿದ್ದನ್ನು ಪಶ್ಚಾತ್ತಾಪ ಎನ್ನಲೋ ಭಯ ಎನ್ನಲೋ ತಿಳಿಯದು. ಮುಖವಿಲ್ಲದ ಆ ಮುದುಕನ ಬಗ್ಗೆ ಯೋಚಿಸುತ್ತಿದ್ದೆ. ಅವನು ನಿಲ್ಲಲು ಜಾಗವಿಲ್ಲದ ಸಾಲುಗಳನ್ನು ಬರೆದದ್ದು ಏಕೆ? ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತವನಿಗೆ ನಡುವೆ ನಿಲ್ಲಿಸಿದರೆ ಮತ್ತೆ ಕರೆಯಲಾರರು ಎಂಬ ಹೆದರಿಕೆಯಿತ್ತೇ? ಹಾನಾ ತನ್ನ ಕಷ್ಟವನ್ನು ಗಂಡನಿಗೆ ಬಾಯಿಬಿಟ್ಟು ಹೇಳದೆ ಬಾಣ ಬರೆದು ಬರೆದು ಸುಮ್ಮನಾದದ್ದೂ ಅದಕ್ಕೇ ಇರಬೇಕು. ಹೇಳಿದರೆ ಕುರ್ಚಿ ಹೋಗುತ್ತದೆ. ಹೇಳದೆಯೂ ಹೋಯಿತು. ನಾವು ಪರದೇಶದಲ್ಲಿ ದುಡಿಯುವವರಿಗೆ ಇದು ತೀರ ಹೊಸತೇನಲ್ಲ. ವೀಸಾ ನವೀಕರಣದ ತಪಾಸಣೆಗೆ ಹೋಗುವ ಮುಂಚೆ ಕೆಮ್ಮನ್ನು ನುಂಗಿಕೊಳ್ಳುವ ಎಷ್ಟು ಮಂದಿಯನ್ನು ನಾನು ನೋಡಿಲ್ಲ. ಆದರೆ ಒಂದೇ ಮನೆಯೊಳಗೆ, ಒಂದು ಮೊಳ ದೂರದಲ್ಲಿ ಕೂತು ಮೂವತ್ತು ವರ್ಷ ಜೊತೆಗೆ ಊದಿದವರ ನಡುವೆಯೂ ಹಾಗಾಗಬಹುದೆಂದು ನೆನೆದರೆ, ಪಕ್ಕದಲ್ಲಿ ಕಾರು ಓಡಿಸುವ ರೋಶನ್‌ನ ಉಸಿರಿಗೆ ನಾನು ಕಿವಿಗೊಡುತ್ತಿದ್ದೆ.

ಮೂರು ವಾರ ಕಳೆದು ಅವರು ಫೋನು ಮಾಡಿ, ಅಬುಧಾಬಿಗೆ ನಮ್ಮ ಮನೆಗೇ ಬಂದರು. ಸಂಜೆ ನಾಲ್ಕರ ಹೊತ್ತು. ಕಿಟಕಿಯ ಕೆಳಗೆ ಕಡಲು ತವರದ ತಗಡಿನಂತೆ ಬಿದ್ದಿತ್ತು. ಮಗಳು ಮೋರ್ ಟೀ ಸರ್ ಎಂದು ಎರಡು ಸಲ ಕೇಳಿ, ಉತ್ತರ ಸಿಗದೆ ತನ್ನ ಕೋಣೆಗೆ ಹೋದಳು. ಅವರು ಒಂದೇ ಪ್ರಶ್ನೆ ಕೇಳಲು ನೂರಮೂವತ್ತು ಕಿಲೋಮೀಟರು ಬಂದಿದ್ದರು. ಅದನ್ನು ಕೇಳಲು ಅವರಿಗೆ ಒಂದು ಗಂಟೆ ಬೇಕಾಯಿತು.

“ಕೊನೆಯ ವರ್ಷ ಅವಳು ಹಜಾರದ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಳು. ಮಂಚಕ್ಕೆ ಬರುತ್ತಿರಲಿಲ್ಲ. ಜಗಳ ಎಂದುಕೊಂಡು ನಾನೂ ಬಾಗಿಲು ಹಾಕಿಕೊಂಡೆ. ಅದೂ ಇದೇನಾ?”

ಸುಳ್ಳು ಹೇಳಲು ನನಗೆ ಒಂದು ಕ್ಷಣ ಸಿಕ್ಕಿತ್ತು. ಹೇಳಲಿಲ್ಲ.

“ಮಲಗಿದರೆ ಉಸಿರು ಸಿಗುವುದಿಲ್ಲ ಸರ್. ಕೂತರೆ ಸ್ವಲ್ಪ ಸಿಗುತ್ತದೆ.”

ಅವರು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕಡಲ ಕಡೆ ತಿರುಗಿದರು. ಹಾಗಾದರೆ ಅವಳು ನನ್ನಿಂದ ದೂರ ಕೂತದ್ದಲ್ಲ ಎಂದರು. ಅವರ ದನಿಯಲ್ಲಿ ಅಳುವಿಗಿಂತ ಹೆಚ್ಚಾಗಿ ಬಿಡುಗಡೆಯಿತ್ತು. ಇಷ್ಟು ವರ್ಷ ಅವರು ಕಳೆದುಕೊಂಡಿದ್ದದ್ದು ಹೆಂಡತಿಯ ಪ್ರೀತಿಯನ್ನು. ಅದು ಮರಳಿ ಬಂದಿತ್ತು, ಅವರ ತಪ್ಪನ್ನು ಕೈಹಿಡಿದು ಕರೆದುಕೊಂಡು.

ಆ ಬೇಸಿಗೆ ಅವರು ದುಬೈ ಬಿಡಲು ನಿರ್ಧರಿಸಿದರು. ವೀಸಾ ರದ್ದಾಯಿತು, ಸಾಮಾನು ಪ್ಯಾಕಿನವರ ಪಾಲಾಯಿತು. ಹೊರಡುವ ಮುಂಚಿನ ಶುಕ್ರವಾರ ನನ್ನನ್ನು ಕರೆದರು. ಹಜಾರ ಬರಿದಾಗಿತ್ತು. ಪರದೆಗಳಿಲ್ಲದ ಕಿಟಕಿಯಿಂದ ಮೂರು ಗಂಟೆಯ ಬಿಸಿಲು ಗೋಡೆಯ ತನಕ ಬಿದ್ದಿತ್ತು. ಎರಡು ಮಡಚುವ ಕುರ್ಚಿ, ಎರಡು ಸ್ಟ್ಯಾಂಡು ಮಾತ್ರ ಉಳಿದಿದ್ದವು. ನನ್ನ ಸ್ಟ್ಯಾಂಡಿನ ಮೇಲೆ ಅವರು ಜೆರಾಕ್ಸ್ ಪ್ರತಿ ಇಡಲಿಲ್ಲ, ಮೂಲವನ್ನೇ ಇಟ್ಟರು. ಓರೆಬಿಸಿಲಿಗೆ ಅಳಿಸಿದ ತಗ್ಗುಗಳೆಲ್ಲ ನೆರಳು ತುಂಬಿಕೊಂಡು, ಯಾರೋ ಈಗತಾನೆ ಬರೆದಂತೆ ಕಾಣುತ್ತಿದ್ದವು.

ನಿಧಾನಗತಿಯ ಭಾಗ. ಮೊದಲ ತಗ್ಗು ಬಂದಾಗ ನಾನು ಉಸಿರು ಬಿಟ್ಟೆ. ಅವರೂ ಬಿಟ್ಟರು. ಅವರ ಸಾಲು ಇನ್ನೂ ಮುಗಿದಿರಲಿಲ್ಲ, ಅವರ ಎದೆಗೆ ಅದರ ಅಗತ್ಯವೂ ಇರಲಿಲ್ಲ, ಆದರೂ ಸಾಲನ್ನು ನಡುವೆ ಕತ್ತರಿಸಿ, ನನ್ನೊಡನೆ ನಿಂತು, ಕಾದು, ಮತ್ತೆ ಹಿಡಿದರು. ಎರಡನೆಯ ತಗ್ಗಿನಲ್ಲೂ ಹಾಗೆಯೇ, ಮೂರನೆಯದರಲ್ಲೂ. ಸಂಗೀತ ಹರಿದು ಹರಿದು ಹೋಗುತ್ತಿತ್ತು, ಬರೆದವನು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದನೇನೋ. ಆ ನಿಲುಗಡೆಗಳಲ್ಲಿ ಖಾಲಿ ಹಜಾರದೊಳಗೆ ನಾವು ಬಿಟ್ಟ ಗಾಳಿಯ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಕಿವಿ ಇಪ್ಪತ್ತು ವರ್ಷದಿಂದ ಉಸಿರನ್ನು ಕೇಳಿ ಪಳಗಿದ್ದು. ನಮ್ಮಿಬ್ಬರದು ಮುಗಿದ ಮೇಲೂ ಸ್ವಲ್ಪ ಹೊತ್ತು ಆ ಸದ್ದು ಎಳೆಯುತ್ತಿತ್ತು.

ಕಾಗದ ತೆಳುವಾಗಿದ್ದ ಜಾಗಕ್ಕೆ ಬಂದಾಗ ಸರ್ ಓಬೋವನ್ನು ಬಾಯಿಂದ ತೆಗೆದರು. ನನ್ನ ಭುಜದ ಹಿಂದಕ್ಕೆ ನೋಡುತ್ತ, ತಮ್ಮ ಭಾಷೆಯಲ್ಲಿ, ಮನೆಯೊಳಗೆ ಊಟದ ಹೊತ್ತಿಗೆ ಮಾತಾಡುವ ದನಿಯಲ್ಲಿ, ಏನನ್ನೋ ಕೇಳಿದರು. ಕಾದರು. ನಾನು ಹಿಂದಿರುಗಿ ನೋಡಲಿಲ್ಲ. ಆಮೇಲೆ ಅವರು, ಉತ್ತರ ಕೇಳಿಸಿಕೊಂಡವರು ಮಾಡುವ ಹಾಗೆ, ಎರಡು ಸಲ ತಲೆಯಾಡಿಸಿ, ವಾದ್ಯದ ನಾಲಿಗೆಯನ್ನು ತುಟಿಗೆ ಒದ್ದೆ ಮಾಡಿಕೊಂಡು ನನ್ನ ಕಡೆ ತಿರುಗಿದರು.

“ಇನ್ನೂ ಸ್ವಲ್ಪ ನಿಧಾನವಂತೆ,” ಎಂದರು.